ಬಿಷಪ್ಪನಿಗೆ ಕಣ್ಣೀರು, ಕೇರಿಗೆ ಏನು?

ಹೋದ ವಾರ ಶಿರಸಿಯ ಒಂದು ರೂಮಿನಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ನಾವೆಲ್ಲ ಸೇರಿ 'ರೊಮೆರೊ' ಸಿನಿಮಾ ನೋಡಿದೆವು. 1989ರ ಚಿತ್ರ. ಜಾನ್ ಡೈಗನ್ ನಿರ್ದೇಶನ, ರೌಲ್ ಜೂಲಿಯಾ ಅಭಿನಯ. ಮುಗಿದ ಮೇಲೆ ಅರ್ಧ ಹುಡುಗರು ಕಣ್ಣು ಒರೆಸಿಕೊಳ್ತಿದ್ದರು. ಸಿದ್ದಾಪುರದ ಒಬ್ಬ ಗೆಳೆಯ ಎದ್ದು ನಿಂತು, 'ನಮಗೂ ಇಂಥವನೊಬ್ಬ ಬರಬೇಕು ಕಣ್ರೋ' ಅಂದ. ನಮ್ಮ ಜಗಳ ಶುರುವಾದದ್ದು ಅಲ್ಲಿಂದ.

ಯಾರೀ ರೊಮೆರೊ? ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದ ಕಥೋಲಿಕ ಆರ್ಚ್ ಬಿಷಪ್. ಅಲ್ಲಿ ಭೂಮಿಯೆಲ್ಲ ಕೆಲವೇ ಕಾಫಿ ಕುಟುಂಬಗಳ ಕೈಲಿ. ಕೂಲಿಯವರು ಬಾಯಿ ಬಿಟ್ಟರೆ ಗುಂಡು. 1977ರಲ್ಲಿ ರೊಮೆರೊ ಗಾದಿಗೆ ಬಂದಾಗ ಧಣಿಗಳಿಗೆ ಖುಷಿಯೋ ಖುಷಿ. ಪುಸ್ತಕದ ಹುಳು, ಬಾಯಿಲ್ಲದ ಮನುಷ್ಯ ಅಂದುಕೊಂಡಿದ್ದರು. ಆದರೆ ಅದೇ ವರ್ಷ ಮಾರ್ಚ್ 12ಕ್ಕೆ, ಅಗಿಲಾರೆಸ್ ಎಂಬಲ್ಲಿ ಕೂಲಿಯವರ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿ ರುಟಿಲಿಯೊ ಗ್ರಾಂದೆಯನ್ನು ಗುಂಡಿಟ್ಟು ಕೊಂದರು. ಜೊತೆಗೆ ಒಬ್ಬ ಮುದುಕ, ಒಬ್ಬ ಹುಡುಗ. ಆ ಹೆಣಗಳ ಮುಂದೆ ನಿಂತ ಮೇಲೆ ರೊಮೆರೊ ಹಳೆಯ ರೊಮೆರೊ ಆಗಿ ಉಳಿಯಲಿಲ್ಲ. 1980ರ ಮಾರ್ಚ್ 23ರಂದು ಸೈನಿಕರಿಗೇ ನೇರ ಹೇಳಿದ: ನಿಮ್ಮದೇ ಜನರನ್ನು ಕೊಲ್ಲಬೇಡಿ. ಮಾರನೆಯ ದಿನ ಪೂಜೆ ಮಾಡುತ್ತಿದ್ದಾಗಲೇ ಕೊಂದರು. 1992ರವರೆಗೆ ನಡೆದ ಆ ಅಂತರ್ಯುದ್ಧದಲ್ಲಿ ಸತ್ತವರು ಸುಮಾರು 75,000.

ಸಿನಿಮಾದಲ್ಲಿ ಒಂದು ದೃಶ್ಯ ಇದೆ. ಶ್ರೀಮಂತ ಹೆಂಗಸೊಬ್ಬಳು ತನ್ನ ಕೂಸಿನ ದೀಕ್ಷಾಸ್ನಾನ ಕೂಲಿಯವರ ಮಕ್ಕಳ ಜೊತೆ ಆಗಬಾರದು ಅಂತ ಸಿಟ್ಟಾಗುತ್ತಾಳೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದನ್ನು ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ!

ಆದರೆ ನಾವು ಕೇಳುತ್ತೇವೆ: ಆ 75,000 ಜನರಲ್ಲಿ ಎಷ್ಟು ಹೆಸರು ನಮ್ಮ ನೆನಪಿನಲ್ಲಿ ಉಳಿಯಿತು? ಸಿನಿಮಾದಲ್ಲಿ ಬಡವರು ಅಳುತ್ತಾರೆ, ಸಾಯುತ್ತಾರೆ, ಹಿಂದೆ ನಿಲ್ಲುತ್ತಾರೆ. ಬದಲಾಗುವವನು ಬಿಷಪ್ ಒಬ್ಬನೇ. ಇದು ಅರ್ಧ ಸತ್ಯ. ಕೂಲಿಯವರು ಮೊದಲು ಸಂಘ ಕಟ್ಟಿದರು, ಆಮೇಲೆ ಬಿಷಪ್ ಬದಲಾದ. ಈ ಸರದಿಯನ್ನು ತಿರುಗಿಸಿ ಓದಿದರೆ ನಾವು ಜೀವನಪೂರ್ತಿ ಯಾರೋ ಬರ್ತಾರೆ ಅಂತ ಕಾಯ್ತಾ ಕೂರಬೇಕಾಗುತ್ತದೆ.

ಚರ್ಚಿಗೂ ಒಂದು ಮಾತು. 2018ರಲ್ಲಿ ರೋಮ್ ರೊಮೆರೊನನ್ನು ಸಂತನೆಂದು ಸಾರಿತು. ಒಳ್ಳೆಯದೇ. ಆದರೆ ತನ್ನೊಳಗೇ ದಲಿತರ ಮೇಲೆ ಅಸ್ಪೃಶ್ಯತೆ ನಡೆದಿದೆ ಅಂತ ಭಾರತದ ಬಿಷಪ್ಪರ ಸಭೆಯೇ 2016ರಲ್ಲಿ ಒಪ್ಪಿಕೊಂಡಿತು. ಸಂತನ ಪಟಕ್ಕೆ ಮೇಣದಬತ್ತಿ, ದಲಿತನ ಹೆಣಕ್ಕೆ ಬೇರೆ ಗುಂಡಿ, ಇದು ಯಾವ ನ್ಯಾಯ?

ಹಾಗಂತ 'ಪಾದ್ರಿಗಳ ಕತೆ ನಮಗ್ಯಾಕೆ' ಅನ್ನೋರ ಜೊತೆಗೂ ನಾವಿಲ್ಲ. ಸ್ಟ್ಯಾನ್ ಸ್ವಾಮಿ ನೆನಪಿದ್ದಾರಾ? 1975ರಿಂದ 1986ರವರೆಗೆ ನಮ್ಮ ಬೆಂಗಳೂರಿನಲ್ಲೇ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಜೆಸುಯಿಟ್ ಪಾದ್ರಿ. ಆಮೇಲೆ ಜಾರ್ಖಂಡಿಗೆ ಹೋಗಿ, ವಿಚಾರಣೆಯಿಲ್ಲದೆ ಜೈಲಲ್ಲಿ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಲೆಕ್ಕ ತೆಗೆದರು, ಕೋರ್ಟಿಗೆ ಹೋದರು. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಕೇಸಿನಲ್ಲಿ ಅವರನ್ನೇ ಹಿಡಿದರು. ಆಗ ವಯಸ್ಸು 83. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ. ನೀರು ಕುಡಿಯಲು ಒಂದು ನಳಿಗೆಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು! ಆರೋಪದ ವಿಚಾರಣೆಯೇ ನಡೆಯದೆ, ಜಾಮೀನೂ ಸಿಗದೆ, 2021ರ ಜುಲೈ 5ರಂದು ತೀರಿಕೊಂಡರು.

ಈಗ ನಮ್ಮ ಊರಿಗೆ ಬನ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಸೈನ್ಯ ಇಲ್ಲ, ಗುಂಡು ಹಾರೋದಿಲ್ಲ. ಇಲ್ಲಿ ಕೊಲ್ಲುವುದು ಕಾಗದ. ಅಡಿಕೆ ತೋಟಕ್ಕೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟ ಉಂಟು, ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ. ಅದು 'ಹಕ್ಕು'. ಅದೇ ತೋಟದಲ್ಲಿ ಅಡಿಕೆ ಸುಲಿದು ಕೈ ಕೊಯ್ದುಕೊಂಡ ನಮ್ಮವ್ವನ ಗುಡಿಸಲು ಮಾತ್ರ 'ಅತಿಕ್ರಮಣ'!

2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರು ಕಾಡಲ್ಲಿ ನೆಲೆಸಿದ್ದಾರೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಇದ್ದಾರೆ ಅಂತ ತೋರಿಸಿದರೆ ಸಾಕು. 2003ರಲ್ಲಿ ಪಂಗಡಕ್ಕೆ ಸೇರಿದ ಸಿದ್ದಿ ಬಂಧುಗಳಿಗೆ ಅಷ್ಟಾದರೂ ದಾರಿ ಆಯ್ತು. ದಲಿತರು ಮಾತ್ರ ಮೂರು ತಲೆಮಾರು, 75 ವರ್ಷದ ವಾಸ ರುಜುವಾತು ಮಾಡಬೇಕು. ಅಕ್ಷರವನ್ನೇ ಕೊಡದ ಊರು ಈಗ ನಮ್ಮಜ್ಜನ ಕಾಗದ ಕೇಳ್ತದೆ! ಇದಕ್ಕಿಂತ ದೊಡ್ಡ ಕುಚೋದ್ಯ ಉಂಟೇ?

ಇಲ್ಲೇ ರೊಮೆರೊ ನಮಗೆ ಬೇಕಾಗುತ್ತಾನೆ. ಸಂತನಾಗಿ ಅಲ್ಲ. ಅವನು ಪ್ರತಿ ಭಾನುವಾರ ರೇಡಿಯೋದಲ್ಲಿ ಸತ್ತವರ, ಕಾಣೆಯಾದವರ ಹೆಸರು ಓದುತ್ತಿದ್ದ. ಯಾರು, ಎಲ್ಲಿ, ಯಾವ ದಿನ ಅಂತ. ಸ್ಟ್ಯಾನ್ ಸ್ವಾಮಿ ಮಾಡಿದ್ದೂ ಲೆಕ್ಕ ಬರೆಯುವ ಕೆಲಸವನ್ನೇ. ಆಳುವವರು ಇಬ್ಬರಿಗೂ ಹೆದರಿದ್ದು ಅದಕ್ಕೇ.

ಹಾಸ್ಟೆಲಿನ ಗೆಳೆಯರೇ, ನಮ್ಮ ಕೇರಿಯಲ್ಲಿ ಬಿ.ಎ. ಓದಿದವರು ನಾವೇ ಮೊದಲು. ಆ ಅಕ್ಷರ ಬರೀ ಕವನಕ್ಕೆ ಖರ್ಚಾದರೆ ನಾಚಿಕೆಗೇಡು. ಕಾಯ್ದೆಯ ನಿಯಮಗಳನ್ನು ಓದಿ. 13ನೇ ನಿಯಮದ ಪ್ರಕಾರ ಅರ್ಜಿದಾರನಲ್ಲದ ಹಿರಿಯರ ಹೇಳಿಕೆ, ಬರೆದು ಕೊಟ್ಟರೆ, ಸಾಕ್ಷ್ಯ. ಹಳೇ ಬಾವಿ, ಸುಡುಗಾಡು, ದೇವರ ಕಲ್ಲು ಸಾಕ್ಷ್ಯ. ಇಂಥದೇ ಕಾಗದ ತಾ ಅಂತ ಹಟ ಹಿಡಿಯೋ ಹಾಗಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತದೆ. ಇದನ್ನು ನಮ್ಮವರಿಗೆ ಯಾರು ಹೇಳಬೇಕು? ಆಫೀಸಿನವರು ಹೇಳ್ತಾರಾ?

ಈ ರಜೆಗೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಅಜ್ಜಿಯ ಪಕ್ಕ ಕೂತುಕೊಳ್ಳಿ. ಯಾವ ವರ್ಷ ಗುಡಿಸಲು ಹಾಕಿದರು, ಯಾರ ಹೆಣ ಎಲ್ಲಿ ಹೂತರು, ಬರೆಯಿರಿ. ಹೆಬ್ಬೆಟ್ಟು ಒತ್ತಿಸಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ. ಆ ಮುದುಕಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರ ಜೊತೆ ನಮ್ಮ 75 ವರ್ಷವೂ ಮಣ್ಣಾಗುತ್ತದೆ.

ಯಾರಿಗೂ ಕಾಯಬೇಡಿ. ಕಣ್ಣು ಒರೆಸಿಕೊಳ್ಳಿ, ಪೆನ್ನು ತೆಗೆಯಿರಿ.

ಜೈ ಭೀಮ್!