ಬಾವಲಿ ವರ್ಷಕ್ಕ ಎಷ್ಟು ಮರಿ ಹಾಕತೈತ್ರಿ?

ನನ್ನ ಬೋಧನಾಭ್ಯಾಸದ ಮೊದಲ ಹಂತ ಬೆಳಗಾವಿ ನಗರದ ಶಾಲೆಯೊಂದರಲ್ಲಿ, ಎರಡನೆಯದು ಖಾನಾಪುರ ತಾಲೂಕಿನಲ್ಲಿ ನಡೆಯಿತು. ಎರಡೂ ಕಡೆ ಎಂಟನೆಯ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠವನ್ನೇ ಮಾಡಿದೆ. ಖಡೇಬಜಾರಿನಲ್ಲಿ ಕೊಂಡ ಚಾರ್ಟೂ ಒಂದೇ: ಹುಲಿ, ಪಾಂಡಾ, ಹಿಮಕರಡಿ, ಘೇಂಡಾಮೃಗ. ನಗರದ ಮಕ್ಕಳು ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಹುಲಿ ನೋಡಿದ್ದರು. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಕೈ ಎತ್ತಿದರು. ಪಾಠ ಗೆದ್ದಿತೆಂದು ಬೀಗಿದೆ.

ಖಾನಾಪುರದಲ್ಲಿ ಅದೇ ಚಾರ್ಟ್ ತೂಗುಹಾಕಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ, ನಮ್ಮ ಕಡೆ ವಟವಾಘೂಳ ಅದಾವಲ್ರಿ, ಅದರ ಚಿತ್ರ ಯಾಕಿಲ್ರಿ?” ಎಂದ. ಮನೆಯಲ್ಲಿ ಮರಾಠಿ ಆಡುವ ಅಲ್ಲಿನ ಮಕ್ಕಳಿಗೆ ಬಾವಲಿ ಎಂದರೆ ವಟವಾಘೂಳ. ತರಗತಿ ನಕ್ಕಿತು. ಬಾವಲಿ ಹಕ್ಕಿಯಲ್ಲ, ಮರಿ ಹಾಕಿ ಹಾಲೂಡಿಸುವ ಸಸ್ತನಿ ಎಂದು ಹೇಳಿ ಮುಂದೆ ಹೋಗಲು ನೋಡಿದೆ. ಅವನು ಬಿಡಲಿಲ್ಲ. “ವರ್ಷಕ್ಕ ಎಷ್ಟು ಮರಿ ಹಾಕತೈತ್ರಿ?” ಪ್ರಾಣಿಶಾಸ್ತ್ರ ಓದುವ ನನಗೆ ಗೊತ್ತಿರಲಿಲ್ಲ. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ನಾಳೆ ಹೇಳುತ್ತೇನೆ ಎಂದೆ.

ಆ ರಾತ್ರಿ ಓದಿದಾಗ ನಾಚಿಕೆಯಾಯಿತು. ಖಾನಾಪುರ ತಾಲೂಕಿನ ತಳೇವಾಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ಒಂದು ಬಾವಲಿಯನ್ನು ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ವಿವರಿಸಿದರು. ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಎಂದು ಹೆಸರು. ಬಾಲ ರೆಕ್ಕೆಪೊರೆಯಿಂದ ಹೊರಚಾಚಿರುತ್ತದೆ, ಆದ್ದರಿಂದ ನಾನು ಮಕ್ಕಳಿಗೆ ‘ಬಿಡಿಬಾಲದ ಬಾವಲಿ’ ಎಂದೆ. ಎಷ್ಟೋ ದಶಕಗಳ ಕಾಲ ಜಗತ್ತಿನಲ್ಲಿ ಅದು ಈ ಒಂದೇ ತಾಣದಲ್ಲಿದೆ ಎಂದು ನಂಬಲಾಗಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂತು. ಈ ಗುಹೆಗಳಿರುವ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಇಷ್ಟೆಲ್ಲ ಪಕ್ಕದಲ್ಲಿರುವಾಗ ನಮ್ಮ ಪಾಠ ಮಧ್ಯಪ್ರದೇಶದ ಪಚಮಡಿಗೆ ಹೋಗಿ ಕೆಂದಳಿಲು ತೋರಿಸುತ್ತದೆ. ಕೆಂದಳಿಲು ಭೀಮಗಡದಲ್ಲೂ ಇದೆ!

ಹುಡುಗನ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಬಹುತೇಕ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಮರುದಿನ ಹಲಗೆಯ ಎಡಕ್ಕೆ ಕಪ್ಪೆ, ಬಲಕ್ಕೆ ಬಾವಲಿ ಬರೆದೆ. ಕಪ್ಪೆ ನೂರಾರು ಮೊಟ್ಟೆ ಇಡುತ್ತದೆ, ಬಹಳಷ್ಟು ಗೊದಮೊಟ್ಟೆಗಳು ಸಾಯುತ್ತವೆ, ಕೆಲವು ಉಳಿದರೂ ಸಾಕು. ಬಾವಲಿಗೆ ಆ ಲೆಕ್ಕ ಇಲ್ಲ. “ನೂರು ತಾಯಿ ಸತ್ತರೆ?” ಎಂದು ಕೇಳಿ ಸುಮ್ಮನೆ ನಿಂತೆ. ಹುಡುಗ ವಹಿಯ ಹಿಂಬದಿಯಲ್ಲಿ ಗುಣಿಸಿ ಭಾಗಿಸತೊಡಗಿದ. ‘ಅಳಿವಿನಂಚು’ ಎಂಬ ಪದದ ಅರ್ಥವನ್ನು ನಾನು ಹೇಳಲೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಂರಕ್ಷಣೆ ಒಂದು ಪಾಠ, ಪ್ರಾಣಿಗಳ ಸಂತಾನೋತ್ಪತ್ತಿ ಇನ್ನೊಂದು ಪಾಠ ಎಂದು ನಾವು ಬಿಡಿಬಿಡಿಯಾಗಿ ಮಾಡುತ್ತೇವೆ. ಮೊದಲನೆಯದು ಹೆಸರುಗಳ ಪಟ್ಟಿ, ಎರಡನೆಯದು ಬಾಣಗಳ ಚಿತ್ರ. ಒಂದು ಜೀವಿ ಏಕೆ ಬೇಗ ಅಳಿಯುತ್ತದೆ ಎಂಬ ಕಾರಣ ಬಹುಪಾಲು ಅದರ ಜೀವನಚಕ್ರದಲ್ಲೇ ಇರುತ್ತದೆ. ಎರಡನ್ನೂ ಒಂದೇ ಪಾಠಯೋಜನೆಯಲ್ಲಿ, ಊರಿನ ಪ್ರಾಣಿಯನ್ನೇ ಇಟ್ಟುಕೊಂಡು ಕಲಿಸಬೇಕು. ನನ್ನ ವೀಕ್ಷಣಾ ವಹಿಯಲ್ಲಿ ‘ವಿಷಯಾಂತರ, ಎರಡು ಉದ್ದೇಶಗಳು ಈಡೇರಿಲ್ಲ’ ಎಂಬ ಷರಾ ಬಂತು. ಅದು ಸುಳ್ಳಲ್ಲ, ಅವಧಿ ಮುಗಿದಾಗ ವಲಸೆ ಹಕ್ಕಿಗಳ ಭಾಗ ಹಾಗೇ ಉಳಿದಿತ್ತು. ಆದರೂ ಇನ್ನೊಮ್ಮೆ ಅವಕಾಶ ಸಿಕ್ಕರೆ ಹೀಗೆಯೇ ಮಾಡುತ್ತೇನೆ.

ಗೆಳೆಯರೊಬ್ಬರು, ಹಾಗಾದರೆ ಮಕ್ಕಳನ್ನು ಗುಹೆಗೇ ಕರೆದೊಯ್ಯಬಹುದಲ್ಲ ಎಂದರು. ಬೇಡ. ಮರಿಗಳಿರುವ ಸಮಯದಲ್ಲಿ ಟಾರ್ಚು, ಗದ್ದಲದಿಂದ ತಾಯಂದಿರು ಗಾಬರಿಯಾಗಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ. ಕ್ಷೇತ್ರಭೇಟಿಗೆ ಅಂಕ ಸಿಗಬಹುದು, ಬೆಲೆ ತೆರುವುದು ಅದು. ಸಂಜೆ ಶಾಲೆಯ ಅಂಗಳದಲ್ಲಿ ನಿಂತು, ದೀಪದ ಸುತ್ತ ಹುಳ ಹಿಡಿಯುವ ಬಾವಲಿಗಳನ್ನು ನೋಡಿದರೆ ಸಾಕು.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಪಾಠದ ಕೊನೆಗೆ ಕಾಡೊಳಗಿನ ಊರಿಂದ ಬರುವ ಹುಡುಗಿಯೊಬ್ಬಳು, “ಬಾವಲಿ ಉಳೀಬೇಕಂದ್ರ ನಾವು ಊರು ಬಿಡಬೇಕೇನ್ರಿ?” ಎಂದು ಕೇಳಿದಳು. ಅಲ್ಲಿ ಸ್ಥಳಾಂತರದ ಮಾತು ಮನೆಮನೆಯಲ್ಲೂ ಇದೆ. ಬಾವಲಿಗೆ ಬೇಕಾದದ್ದು ಕತ್ತಲೆ, ಮೌನ, ಸುತ್ತ ಕಾಡು. ನಿಮ್ಮ ಊರಿನ ವಿಷಯವನ್ನು ನಿಮ್ಮ ಹಿರಿಯರನ್ನು ಕೇಳಿಯೇ ತೀರ್ಮಾನಿಸಬೇಕು ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮುಂದಿನ ತಂಡದವರು ಆ ಶಾಲೆಗೆ ಹೋಗುವಾಗ ಅವಳು ಒಂಬತ್ತನೆಯ ತರಗತಿಯಲ್ಲಿರುತ್ತಾಳೆ. ಅವರನ್ನೂ ಕೇಳುತ್ತಾಳೆ.