“ಎಲ್ಲಿಗ್ ಹೊಂಟ್ರಿ?” ಅಂದರೆ ಏನು ಹೇಳಲಿ!



ಮನೆಯಿಂದ ಹೊರಬಿದ್ದ ಹೆಂಗಸಿಗೆ ಏನಾದರೊಂದು ನೆಪ ಇರಲೇಬೇಕು, ಅಲ್ಲವೆ? ಕೈಯಲ್ಲಿ ಚೀಲವಿದ್ದರೆ ಸಂತೆಗೆ, ಹಿಟ್ಟಿನ ಡಬ್ಬಿಯಿದ್ದರೆ ಗಿರಣಿಗೆ, ಹೂವಿದ್ದರೆ ಗುಡಿಗೆ. ಬರಿಗೈಯಲ್ಲಿ ಹೊರಟರೆ ಕಟ್ಟೆಯ ಮೇಲೆ ಕುಂತವರೆಲ್ಲ ಕೇಳುತ್ತಾರೆ, “ಎಲ್ಲಿಗ್ ಹೊಂಟ್ರಿ, ಅಕ್ಕಾರ?” ನಾನು ಬರಿಗೈಯಲ್ಲಿ, ಅದೂ ಸೈಕಲ್ ಮೇಲೆ ಹೊರಟೆ. ಇನ್ನು ಕೇಳಬೇಕೆ!

ಸೈಕಲ್ಲು ಮಗಳದು. ಸರಕಾರ 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದ ಮೇಲೆ ನಮ್ಮ ಸುಳ್ಳದಂಥ ಊರುಗಳಲ್ಲೂ ಹುಡುಗಿಯರು ಸಾಲುಗಟ್ಟಿ ತುಳಿದುಕೊಂಡು ಶಾಲೆಗೆ ಹೋದರು. ನನ್ನ ಮಗಳಿಗೂ ಒಂದು ಬಂತು. ಅವಳು ಓದು ಮುಗಿಸಿ ಗಂಡನ ಮನೆಗೆ ಹೋದಳು. ಸೈಕಲ್ಲಿಗೆ ಹಿತ್ತಲಲ್ಲಿ ಅವರೆಬಳ್ಳಿ ಹಬ್ಬಿತು.

ಅದನ್ನು ಹೊರಗೆ ತೆಗೆಸಿದ್ದು ನನ್ನ ತಂಗಿಯ ಮಗಳು. ಜಪಾನಿನಲ್ಲಿದ್ದಾಳೆ. ಅಲ್ಲಿ ಒನೊಮಿಚಿಯಿಂದ ಇಮಾಬಾರಿಯವರೆಗೆ ದ್ವೀಪದಿಂದ ದ್ವೀಪಕ್ಕೆ ದೊಡ್ಡ ಸೇತುವೆಗಳ ಮೇಲೆ ಸುಮಾರು 70 ಕಿಲೋಮೀಟರ್ ಸೈಕಲ್ ದಾರಿ ಇದೆಯಂತೆ. 1999ರಲ್ಲಿ ತೆರೆದದ್ದು. ಕೆಳಗೆ ಸಮುದ್ರ, ಪಕ್ಕದಲ್ಲಿ ನಿಂಬೆ, ಕಿತ್ತಳೆ ತೋಟ. “ದೊಡ್ಡಮ್ಮಾ, ಇಲ್ಲಿಯ ಗೃಹಿಣಿಯರು ಮುಂದೆ ಬುಟ್ಟಿ, ಹಿಂದೆ ಮಗು ಕೂಡಿಸಿಕೊಂಡು ಹೋಗುವ ಸೈಕಲ್ಲಿಗೆ ‘ಮಾಮಾಚಾರಿ’ ಅಂತಾರೆ,” ಎಂದಳು. ಮಾಮಾ ಅಂದರೆ ಅಲ್ಲಿ ಅಮ್ಮನಂತೆ! ನಕ್ಕು ನಕ್ಕು ಸಾಕಾಯಿತು.

ಇನ್ನೊಂದು ಮಾತನ್ನೂ ಹೇಳಿದಳು. ಅಲ್ಲಿಯ ಹಳೆಯ ಪಂಚಾಂಗದಲ್ಲಿ ವರ್ಷಕ್ಕೆ 72 ಭಾಗ. ಒಂದೊಂದು ಸುಮಾರು ಐದು ದಿನ. ಕಪ್ಪೆ ಕೂಗತೊಡಗುವ ಐದು ದಿನ, ಹೆಬ್ಬಾತುಗಳು ಉತ್ತರಕ್ಕೆ ಹಾರುವ ಐದು ದಿನ, ಹೀಗೆ.

ಪಕ್ಕದಲ್ಲೇ ಕುಳಿತು ಕೇಳುತ್ತಿದ್ದ ನಮ್ಮ ಅತ್ತೆಯವರು ಸುಮ್ಮನಿರುತ್ತಾರೆಯೆ? “ಅದೇನ್ ದೊಡ್ಡದು? ನಮ್ಮಲ್ಲಿ ಮಳಿ ಲೆಕ್ಕ ಇಲ್ಲೇನು? ರೋಹಿಣಿ, ಮಿರಗ, ಆರಿದ್ರಿ... ಒಂದೊಂದಕ್ಕ ಹದಿಮೂರೋ ಹದಿನಾಕೋ ದಿನ. ಆದ್ರ ಈಗ ಹೊರಗ ಹೋಗಿ ನೋಡಾವ್ರು ಯಾರು?” ಎಂದು ಮೊಣಕಾಲು ನೀವಿಕೊಂಡರು. ಆ ಮೊಣಕಾಲಿನ ದೆಸೆಯಿಂದ ಅವರು ಹೊಲ ಕಂಡು ಆರು ವರ್ಷವಾಗಿತ್ತು. ನನ್ನದು ಮೊಣಕಾಲು ಗಟ್ಟಿ. ಆದರೂ ಎಳ್ಳಮಾಸಿಯಂದು ಚರಗ ಚೆಲ್ಲಲು ಹೋದದ್ದು ಬಿಟ್ಟರೆ ನಾನಾದರೂ ಏನು ನೋಡಿದ್ದೆ?

ಮರುದಿನವೇ ಬಳ್ಳಿ ಬಿಡಿಸಿ, ಗಾಳಿ ಹೊಡೆಸಿ, ಬ್ಯಾಹಟ್ಟಿ ಕಡೆಯ ದಾರಿ ಹಿಡಿದೆ. ತವರಿನಲ್ಲಿ ಅಣ್ಣನ ದೊಡ್ಡ ಸೈಕಲ್ಲಿನ ಪೈಪಿನೊಳಗೆ ಕಾಲು ತೂರಿಸಿ ಕಲಿತ ವಿದ್ಯೆ, ಮರೆತಿರಲಿಲ್ಲ. “ಎಲ್ಲಿಗ್ರಿ?” ಎಂದವರಿಗೆ “ಇಲ್ಲೇ” ಎಂದೆ.

ಬಸ್ಸಿನಲ್ಲಿ ಎಷ್ಟು ಸಲ ಹಾದುಹೋಗಿದ್ದೇನೋ! ಕಿಟಕಿಯಾಚೆ ಬರೀ ಹಸಿರು ಓಡುತ್ತಿತ್ತು. ಸೈಕಲ್ಲಿನ ವೇಗಕ್ಕೆ ಒಂದೊಂದೂ ನಿಂತು ಮಾತಾಡಿಸುತ್ತದೆ. ಎರಿಹೊಲ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣು. ಒಳಗೆ ಹಿಡಿದಿಟ್ಟ ಆ ಹಸಿಯ ಮೇಲೆಯೇ ಹಿಂಗಾರಿ ಬಿಳಿಜೋಳ ಬರುತ್ತದೆ. ಜೋಳದ ಅಂಚಿಗೆ ಕುಸುಬಿ. ಎಳೆಯದಿದ್ದಾಗ ಪಲ್ಯ ಮಾಡುತ್ತೇವಲ್ಲ, ಅದೇ! ಬಲಿತ ಮೇಲೆ ಮುಳ್ಳಾಗಿ ದನಗಳು ಒಳಗೆ ನುಗ್ಗದಂತೆ ಬೇಲಿಯಾಗುತ್ತದೆ. ಹಳದಿಯಾಗಿ ಅರಳಿ ಕೇಸರಿಗೆ ತಿರುಗುವ ಆ ಹೂವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಂತಿಯ ಮೇಲೆ ನೀಲಕಂಠ, ನಮ್ಮ ರಾಜ್ಯದ ಹಕ್ಕಿ, ಹಾರುವವರೆಗೆ ಮಂಕಾಗಿ ಕುಳಿತಿತ್ತು. ರೆಕ್ಕೆ ಬಿಚ್ಚಿತೋ ಇಲ್ಲವೋ, ಇಳಕಲ್ಲ ಸೀರೆ ಮಡಿಕೆ ಬಿಚ್ಚಿದ ಹಾಗೆ ನೀಲಿ!

ಬರುವಾಗ ಜಾಲಿಮುಳ್ಳು ಚುಚ್ಚಿ ಟೈರಿನ ಗಾಳಿ ಹೋಯಿತು. ಸೈಕಲ್ ನೂಕಿಕೊಂಡು ಬಂದವಳನ್ನು ಕಂಡು ಕಟ್ಟೆ ನಕ್ಕಿತು. ಅತ್ತೆಯವರು ಮಾತ್ರ ನಗಲಿಲ್ಲ, ಎಲ್ಲಿಗೆ ಹೋಗಿದ್ದೆ ಅಂತಲೂ ಕೇಳಲಿಲ್ಲ. “ಏನ್ ನೋಡಿದಿ?” ಎಂದರು.

“ಜೋಳದ ಮ್ಯಾಲ ಗುಂಪು ಗುಂಪು ಹಕ್ಕಿ, ಅತ್ತಿ. ತಲಿ, ರೆಕ್ಕಿ ಕಪ್ಪು, ಮೈ ಗುಲಾಬಿ.”

ಅವರ ಮುಖ ಅರಳಿತು. ಗುಲಾಬಿ ಕಬ್ಬಕ್ಕಿಗಳವು. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆ ಮರಿಮಾಡಿ ಚಳಿಗಾಲಕ್ಕೆ ನಮ್ಮ ಜೋಳದ ಸೀಮೆಗೆ ಇಳಿಯುತ್ತವೆ. ಕಾಳನ್ನೂ ತಿನ್ನುತ್ತವೆ, ಮಿಡತೆ, ಹುಳುಗಳನ್ನೂ ತಿನ್ನುತ್ತವೆ. “ಹತ್ತು ವರ್ಷದಾಕಿ ಇದ್ದೆ. ಅಟ್ಟದ ಮ್ಯಾಲ ನಿಂತು ಕವಣಿ ಬೀಸಿ ಅವನ್ನ ಓಡಸ್ತಿದ್ದೆ. ಹಾಡಿಕೋತ ಬೀಸ್ತಿದ್ದೆ,” ಎಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕಳೆದಿದ್ದೇವೆ. ಅವರಿಗೆ ಕವಣೆ ಬೀಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ!

ಅಂದಿನಿಂದ ವಾರಕ್ಕೆರಡು ಸಲ ಹೋಗುತ್ತೇನೆ. ಅತ್ತೆಯವರೇ ಕೆಲಸ ಹಚ್ಚಿ ಕಳಿಸುತ್ತಾರೆ: ಜೋಳ ಹಾಲು ತುಂಬ್ಯಾವೇನು ನೋಡು, ಬೇವು ಎಲೆ ಉದುರಿಸೇತೇನು ನೋಡು. ಒಂದು ದಿನ ಮಾತ್ರ ಹೇಳಲು ಹಿಂಜರಿದೆ. ಅವರು ಹೆಸರಿಸಿದ ಹೊಲವೊಂದರಲ್ಲಿ ಪ್ಲಾಟಿನ ಕಲ್ಲು ನೆಟ್ಟಿದ್ದರು. ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಛಲೋ ಆತು ನೋಡಿ ಬಂದಿ. ಇಲ್ಲಾಂದ್ರ ಹೋದದ್ದೂ ಗೊತ್ತಾಗ್ತಿದ್ದಿಲ್ಲ,” ಎಂದರು.

ನೀವೂ ಹೊರಡುವುದಾದರೆ ಬೆಳಗಿನ ತಂಪಿನಲ್ಲಿ ಹೊರಡಿ. ಸೆರಗು ಬಿಗಿದು ಸಿಕ್ಕಿಸಿ, ಸರಪಳಿಗೆ ಕವರು, ಹಿಂದಿನ ಗಾಲಿಗೆ ಜಾಳಿಗೆ ಇರಲಿ. ಬುಟ್ಟಿಯಲ್ಲಿ ನೀರು, ಎರಡು ಸಜ್ಜಿರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಆರಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಿ, ಬಿಸಿ ಕಟ್ಟಿದರೆ ಬೆವತು ಮೆತ್ತಗಾಗುತ್ತದೆ. ಜಾಲಿಯ ಕೆಳಗೆ ಮಾತ್ರ ಇಳಿದು ನೂಕಿ, ನನ್ನ ಹಾಗೆ ಆದೀತು!

ಯಾರಾದರೂ “ಎಲ್ಲಿಗೆ?” ಎಂದರೆ ನಾನೀಗ “ಇಲ್ಲೇ” ಅನ್ನುವುದಿಲ್ಲ. “ನೋಡಿ ಬರಾಕ” ಅನ್ನುತ್ತೇನೆ. ಮನೆಯಲ್ಲಿ ಕೇಳುವವರೊಬ್ಬರು ಕಾದಿರುತ್ತಾರೆ.