ಹಳೆ ಮನೆಗೆ ಸಿಮೆಂಟ್ ಬಳಿದರೆ ಗಟ್ಟಿಯಾಗುತ್ತದೆಯೇ? ಹಂಚಿನ ಮನೆ ರಿಪೇರಿಗೆ ಕೈ ಹಾಕುವ ಮುನ್ನ ಇದನ್ನು ಓದಿ

"ಹಳೆ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ, ಆಮೇಲೆ ಚಿಂತೆಯೇ ಇಲ್ಲ." ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಸಲಹೆಗಳನ್ನು ನೀವೂ ನೋಡಿರಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಬೀಗ ಹಾಕಿದ ಹಂಚಿನ ಮನೆಗಳು ಬೇಕಾದಷ್ಟಿವೆ. ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳುವವರು ಹಿರಿಯರ ಮನೆಯನ್ನು ಮತ್ತೆ ವಾಸಕ್ಕೆ ಸರಿಮಾಡಿಕೊಳ್ಳುವಾಗ ಇದೇ ಸಲಹೆ ನಂಬಿ ಲಕ್ಷಗಟ್ಟಲೆ ಸುರಿಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟ್ ಗುಳ್ಳೆ ಎದ್ದು ಉದುರತೊಡಗುತ್ತದೆ. ಬೈಗುಳ ಮೇಸ್ತ್ರಿಗೋ ಪೇಂಟ್ ಕಂಪನಿಗೋ ಹೋಗುತ್ತದೆ. ಆದರೆ ಕೇಳಬೇಕಿದ್ದ ಮೊದಲ ಪ್ರಶ್ನೆ ಬೇರೆಯೇ ಇತ್ತು: ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ?

ಹಾಗಾದರೆ ನಿಜ ಏನು? ಒಂದೊಂದಾಗಿ ನೋಡೋಣ.

ಹಳೆ ಗೋಡೆ ಹೇಗೆ ಒಣಗುತ್ತದೆ?

ಕರಾವಳಿಯ ಹಳೆ ಗೋಡೆಗಳು ಹೆಚ್ಚಾಗಿ ಕೆಂಪು ಕಲ್ಲಿನವು ಅಥವಾ ಮಣ್ಣಿನವು. ಕೆಂಪು ಕಲ್ಲು, ಅಂದರೆ ಮುರಕಲ್ಲು, ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದರೆ ಅದರ ಮೈ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಈ ಕಲ್ಲು ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ಸಾಮಾನ್ಯವಾಗಿ ಈ ತೇವ ನೆಲದಿಂದ ಸುಮಾರು ಒಂದು ಮೀಟರ್‌ವರೆಗೆ ಏರುತ್ತದೆ.

ಹಿಂದಿನವರು ಇದನ್ನು ತಡೆಯಲು ಹೋಗಲಿಲ್ಲ, ಒಣಗಲು ದಾರಿ ಬಿಟ್ಟರು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೂ ಅದರೊಳಗಿಂದ ನೀರಿನ ಆವಿ ಹೊರಬರಲು ಜಾಗ ಇರುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಈ ವ್ಯವಸ್ಥೆಯ ಸರ್ವಿಸಿಂಗ್ ಇದ್ದ ಹಾಗೆ.

ಸಿಮೆಂಟ್ ಹಾಕಿದರೆ ಏನಾಗುತ್ತದೆ?

ಸಿಮೆಂಟ್ ಕೆಟ್ಟ ವಸ್ತು ಅಲ್ಲ. ಕಾಂಕ್ರೀಟ್ ಕಟ್ಟಡಕ್ಕೆ ಅದೇ ಬೇಕು. ಸಮಸ್ಯೆ ಇರುವುದು ಜೋಡಿಯಲ್ಲಿ. ಮೆದು ಗೋಡೆಯ ಮೇಲೆ ಗಡಸು ಪದರ ಕೂತರೆ, ಗೋಡೆ ಸ್ವಲ್ಪ ಅಲುಗಿದಾಗ ಪದರ ಬಿರುಕು ಬಿಡುತ್ತದೆ. ಕೂದಲೆಳೆಯ ಬಿರುಕಿನಿಂದ ಮಳೆನೀರು ಒಳಗೆ ಹೋಗುತ್ತದೆ, ಬಂದ ದಾರಿಯಲ್ಲಿ ವಾಪಸ್ ಹೋಗಲು ಆಗುವುದಿಲ್ಲ. ಕೆಳಗಿನಿಂದ ಏರುವ ತೇವವೂ ಒಣಗಲು ದಾರಿ ಇಲ್ಲದೆ ಇನ್ನಷ್ಟು ಮೇಲಕ್ಕೆ ಹತ್ತುತ್ತದೆ. ಮೊದಲು ಮೊಣಕಾಲೆತ್ತರಕ್ಕೆ ಇದ್ದ ಕಲೆ ಈಗ ಕಿಟಕಿಯವರೆಗೆ ಬಂದಿದೆ ಎನ್ನುವ ದೂರಿನ ಗುಟ್ಟು ಇದು.

ತೇವದ ಜೊತೆ ಉಪ್ಪೂ ಬರುತ್ತದೆ. ನೀರು ಆವಿಯಾದಾಗ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಪೇಂಟನ್ನು ಒಳಗಿನಿಂದ ತಳ್ಳುತ್ತದೆ. ಗೋಡೆಯ ಮೇಲೆ ಕಾಣುವ ಬಿಳಿ ಪುಡಿ ಅದೇ. ಒಳಗಡೆಯಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರು ನಿಲ್ಲುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಮಣ್ಣಿನ ಗೋಡೆಗೆ ಇದು ಇನ್ನೂ ಅಪಾಯ. ಸಿಮೆಂಟಿನ ಹಿಂದೆ ನೆಂದು ಮೆತ್ತಗಾದ ಮಣ್ಣು ಹೊರಗಿನಿಂದ ಕಾಣುವುದಿಲ್ಲ. ಗೋಡೆ ಕುಸಿಯುವವರೆಗೆ ಎಲ್ಲ ಚೆಂದವೇ ಇರುತ್ತದೆ.

ಇದು ಆರೋಗ್ಯದ ವಿಷಯವೂ ಹೌದು. ಮನೆಯೊಳಗಿನ ತೇವ ಮತ್ತು ಬೂಷ್ಟಿಗೂ ಅಸ್ತಮಾ, ಕೆಮ್ಮು, ಉಸಿರಾಟದ ತೊಂದರೆಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ.

ನೀರು ಎಲ್ಲಿಂದ? ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ ಹನಿಗಳಿದ್ದರೆ ಅದು ಕೋಣೆಯ ಗಾಳಿಯದ್ದು. ಅದಕ್ಕೆ ಕಿಟಕಿ ತೆರೆದು ಗಾಳಿ ಆಡಿಸುವುದೇ ಮದ್ದು.

ಆಮೇಲೆ ಹೊರಗೆ ಬನ್ನಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. 1000 ಚದರಡಿಯ ಮಾಡಿನ ಮೇಲೆ ಬೀಳುವ ನೀರು ಲೆಕ್ಕ ಹಾಕಿದರೆ ಸುಮಾರು 3 ಲಕ್ಷ 70 ಸಾವಿರ ಲೀಟರ್. ಅಂದರೆ 12,000 ಲೀಟರಿನ ಟ್ಯಾಂಕರ್‌ನಲ್ಲಿ ಸುಮಾರು 31 ಲೋಡ್. ಇಷ್ಟೂ ನೀರು ಗೋಡೆಯ ಬುಡದಲ್ಲೇ ಬಿದ್ದರೆ ಯಾವ ಪೇಂಟ್ ತಾನೇ ಏನು ಮಾಡೀತು?

ಇನ್ನೊಂದು ಹೊಸ ಕಾರಣವೂ ಇದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ನೆಲ ಅರ್ಧ ಅಡಿ ಏರುತ್ತದೆ, ಎದುರಿನ ರಸ್ತೆಯೂ ಪ್ರತಿ ಡಾಂಬರಿಗೆ ಎತ್ತರವಾಗುತ್ತದೆ. ಹೊರಗಿನ ನೆಲ ಒಳಗಿನ ನೆಲಕ್ಕೆ ಸಮವಾದರೆ ಗೋಡೆ ಇಡೀ ಮಳೆಗಾಲ ನೀರಲ್ಲಿ ಕಾಲಿಟ್ಟು ನಿಂತ ಹಾಗೆ.

ಮಾಡು ತೆಗೆದು ತಾರಸಿ ಹಾಕಿದರೆ ಸೋರುವುದಿಲ್ಲವೇ?

ಕುಂದಾಪುರದಿಂದ ಬೈಂದೂರಿನವರೆಗೆ ಹೆದ್ದಾರಿಯಲ್ಲಿ ಹೋಗುವಾಗ ಗಮನಿಸಿ: ಎಷ್ಟು ತಾರಸಿ ಮನೆಗಳ ಮೇಲೆ ಮತ್ತೆ ಶೀಟಿನ ಮಾಡು ಕೂತಿದೆ! ಇಷ್ಟು ಮಳೆ ಬೀಳುವ ಊರಿಗೆ ಇಳಿಜಾರಿನ ಮಾಡೇ ಬೇಕು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ತೂಕವನ್ನೂ ನೋಡಬೇಕು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹಂಚಿನ ಮಾಡು ರೀಪುಗಳೂ ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಸುಮಾರು 300 ಕಿಲೋ ದಾಟುತ್ತದೆ. ಹಳೆ ಗೋಡೆಯ ತಲೆಯ ಮೇಲೆ ಸುಮಾರು ಐದು ಪಟ್ಟು ಭಾರ! ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಪಿಲ್ಲರ್ ಇರುವುದಿಲ್ಲ, ಗೋಡೆಯೇ ಮಾಡನ್ನು ಹೊತ್ತಿರುತ್ತದೆ. ಹಾಗಾಗಿ ಸ್ಲ್ಯಾಬ್ ಹಾಕುವುದಿರಲಿ, ಹಾಲ್ ದೊಡ್ಡದು ಮಾಡಲು ನಡುಗೋಡೆ ಒಡೆಯುವುದಿರಲಿ, ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಬೇಡವೇ ಬೇಡ.

ಒರಲೆ ಹಿಡಿದರೆ ಎಣ್ಣೆ ಬಳಿದರೆ ಸಾಕೇ?

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಪಕಾಸಿ, ರೀಪುಗಳಿಗೆ ಬಳಿಯುವುದು ನಮ್ಮ ಕಡೆಯ ಹಳೆ ಪದ್ಧತಿ. ಅದು ಮರಕ್ಕೆ ರಕ್ಷಣೆ ಕೊಡುತ್ತದೆ, ಸುಳ್ಳಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ಮುಖ್ಯ ವಿಷಯ ಬೇರೆ: ಗೋಡೆಯ ಮೇಲೆ ಮಣ್ಣಿನ ಗೆರೆ ಎಳೆದು ಬರುವ ಒರಲೆ ನೆಲದಿಂದ ಬರುತ್ತದೆ, ಅದಕ್ಕೆ ತೇವ ಬೇಕು. ಸೋರುವ ಹಂಚು, ನೆಂದ ಗೋಡೆ ಹಾಗೇ ಇದ್ದರೆ ಎಣ್ಣೆ ಎಷ್ಟು ಬಳಿದರೂ ಅದು ಬೇರೆ ದಾರಿ ಹುಡುಕುತ್ತದೆ. ಎಲ್ಲ ಮರವೂ ಹೋಯಿತು ಎಂದು ಹೆದರಬೇಕಾಗಿಲ್ಲ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಹೋದ ತುಂಡುಗಳನ್ನು ಮಾತ್ರ ಬದಲಿಸಿದರೆ ಆಯಿತು.

ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಇದು ಪ್ರಾಣ ತೆಗೆಯುವ ತಪ್ಪು ನಂಬಿಕೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಅದು ಬೀಳಲು ಹಲವು ಆಂಪಿಯರ್ ಕರೆಂಟ್ ಹರಿಯಬೇಕು. ಮನುಷ್ಯನ ಜೀವಕ್ಕೆ ಆಂಪಿಯರಿನ ಸಣ್ಣದೊಂದು ಭಾಗವೇ ಸಾಕು. ಒದ್ದೆ ಗೋಡೆಯೊಳಗೆ ಹಳೆ ವೈರಿನ ಕವಚ ಒಡೆದಿದ್ದರೆ ಗೋಡೆಯೇ ಶಾಕ್ ಹೊಡೆಯಬಹುದು. ಆದ್ದರಿಂದ ಹಳೆ ಮನೆಗೆ ಸೇರುವ ಮುನ್ನ ಪೇಂಟಿಗಿಂತ ಮೊದಲು ವೈರಿಂಗ್ ಪರೀಕ್ಷೆ, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಕೆರೆಯುವ ಮುನ್ನ ಧೂಳಿನ ಬಗ್ಗೆ ಎಚ್ಚರ

ಹಿತ್ತಿಲ ಕೊಟ್ಟಿಗೆಯ ಮೇಲಿನ ಹಳೆ ಬೂದು ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕತ್ತರಿಸಬೇಡಿ, ಒಡೆಯಬೇಡಿ. ತೆಗೆಯಲೇಬೇಕಿದ್ದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಿ. ಕಿಟಕಿ, ಬಾಗಿಲಿನ ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ. ಒದ್ದೆ ಮಾಡಿ ಕೆರೆಯಿರಿ, ಆ ಹೊತ್ತಿಗೆ ಮಕ್ಕಳು ಮತ್ತು ಗರ್ಭಿಣಿಯರು ಅಲ್ಲಿ ಇರಬಾರದು.

ಹಾಗಾದರೆ ಯಾವುದು ಮೊದಲು?

1. ಸಾಧ್ಯವಾದರೆ ಒಂದು ಮಳೆಗಾಲ ಮನೆಯನ್ನು ಸುಮ್ಮನೆ ಗಮನಿಸಿ. ಆಸಾಡಿಯ ಮಳೆಯಲ್ಲಿ ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂದು ಫೋಟೋ ತೆಗೆದಿಡಿ.
2. ವೈರಿಂಗ್ ಸರಿಪಡಿಸಿ.
3. ಒಡೆದ ಹಂಚು, ಕೊಳೆತ ರೀಪು ಬದಲಿಸಿ, ಮಾಡಿನ ನೀರಿಗೆ ದಂಬೆ ಕಟ್ಟಿಸಿ.
4. ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಅಂಗಳಕ್ಕೆ ಇಳಿಜಾರು ಕೊಡಿ.
5. ಗೋಡೆ ಒಣಗಲು ಒಂದು ಬೇಸಿಗೆ ಬಿಡಿ. ಆಮೇಲೆ ಸುಣ್ಣದ ಗಾರೆ, ಸುಣ್ಣ. ಪೇಂಟ್ ಕಟ್ಟಕಡೆಗೆ.

"ಹಳೆ ಮನೆ ಉಳಿಸುವುದು ಆಗದ ಕೆಲಸ, ಕೆಡವಿ" ಎನ್ನುವವರಿಗೆ ಮಣಿಪಾಲದಲ್ಲೇ ಉತ್ತರವಿದೆ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಕುಂದಾಪುರ ಕಡೆಯ ಹರ್ಕೂರಿನ ಮನೆಯೂ ಸೇರಿದಂತೆ ಹಲವು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಎಲ್ಲ ಮನೆಯನ್ನೂ ಉಳಿಸಲು ಆಗುವುದಿಲ್ಲ ನಿಜ. ವಾಲಿದ ಗೋಡೆ, ಅಗಲವಾಗುತ್ತಲೇ ಇರುವ ಬಿರುಕು ಕಂಡರೆ ಮೊದಲು ಹೊರಗೆ ಬನ್ನಿ, ನಂತರ ಎಂಜಿನಿಯರ್ ಕರೆಯಿರಿ. ಆದರೆ ಬರಿಯ ತೇವಕ್ಕೆ ಹೆದರಿ ಕೆಡವುವ ಮುನ್ನ, ನೀರಿನ ದಾರಿ ತಪ್ಪಿಸಿ ನೋಡಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ ಹಳೆ ಗೋಡೆಗೆ ಯಾವ ಪೇಂಟ್ ಒಳ್ಳೆಯದು ಎಂದು ಕೇಳಿದರೆ, ಬ್ರ್ಯಾಂಡ್ ಹೆಸರು ಹೇಳುವ ಬದಲು ಮಾಡಿನ ನೀರು ಎಲ್ಲಿ ಬೀಳುತ್ತಿದೆ ಎಂದು ಕೇಳಿ. ಅವರ ಹಣವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ.